ಹನ್ನೆರಡನೇ ಪದ

ಕ್ರಿಪ್ಟೊ ಅಂದರೆ ಬೆಲೆ ಏರಿತೋ ಇಳಿಯಿತೋ ಎಂದು ಮೊಬೈಲು ನೋಡುತ್ತ ಕೂತವರೇ ಕಣ್ಣಿಗೆ ಬೀಳುತ್ತಾರೆ. ಆ ಗೊಡವೆಯೇ ಬೇಡವೆಂದು, ಬಿಟ್‌ಕಾಯಿನ್ನಿನ ಕೀಲಿಯನ್ನು ಕೈಯಾರೆ ಮಾಡುವುದರಲ್ಲೇ ಖುಷಿಪಡುವ ಹವ್ಯಾಸಿಗಳೂ ಇದ್ದಾರೆ. ಅವರ ಸಲಕರಣೆ ಒಂದು ನಾಣ್ಯ, ಒಂದು ಪೆನ್ಸಿಲ್, 2048 ಇಂಗ್ಲಿಷ್ ಪದಗಳ ಒಂದು ಪಟ್ಟಿ.

ಆ ಪಟ್ಟಿ 2013ರ ಬಿಪ್-39 ಎಂಬ ಕ್ರಮದ್ದು. ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ 1, ಟೇಲ್ ಬಿದ್ದರೆ 0. ಹನ್ನೊಂದು ಸಲ ಚಿಮ್ಮಿದರೆ ಬರಬಹುದಾದ ಸಾಲುಗಳು ಸರಿಯಾಗಿ 2048; ಹಾಗಾಗಿ ಸಾಲಿಗೊಂದು ಪದ. ಎಲ್ಲವೂ ಟೇಲ್ ಆದರೆ ಪಟ್ಟಿಯ ಮೊದಲ ಪದ ‘ಅಬ್ಯಾಂಡನ್’, ಎಲ್ಲವೂ ಹೆಡ್ ಆದರೆ ಕೊನೆಯ ‘ಝೂ’. ಬಂದ ಪದ ಹಿಡಿಸಲಿಲ್ಲವೆಂದು ಮತ್ತೆ ಚಿಮ್ಮುವಂತಿಲ್ಲ. ಮನುಷ್ಯನ ಆಯ್ಕೆ ಸೇರಿತೆಂದರೆ ಕೆಲಸ ಕೆಟ್ಟಿತು. ಮೆಚ್ಚಿನ ಹಾಡಿನ ಸಾಲನ್ನೇ ಕೀಲಿ ಮಾಡಿಕೊಂಡ ಎಷ್ಟೋ ಜನರ ಹಣವನ್ನು ಕಳ್ಳರ ಪ್ರೋಗ್ರಾಮುಗಳು ಗುಡಿಸಿಕೊಂಡು ಹೋಗಿವೆ.

ಒಂದು ಕೀಲಿಗೆ ಹನ್ನೆರಡು ಪದ ಬೇಕು. ಹನ್ನೊಂದು ಹೀಗೆ ಸಿಗುತ್ತವೆ. ಹನ್ನೆರಡನೆಯದೇ ಸ್ವಾರಸ್ಯ. ಅದಕ್ಕೆ ನಾಣ್ಯ ಚಿಮ್ಮುವುದು ಏಳೇ ಸಲ. ಉಳಿದ ನಾಲ್ಕು ಅಂಕಿಗಳನ್ನು ಗಣಿತವೇ ಕೊಡಬೇಕು. ಈವರೆಗೆ ಬಂದ 128 ಅಂಕಿಗಳನ್ನು ಶಾ-256 ಎಂಬ ಲೆಕ್ಕಕ್ಕೆ ಹಾಕಿ, ಉತ್ತರದ ಮೊದಲ ನಾಲ್ಕನ್ನು ತಂದು ಅಂಟಿಸುವುದು. ಬರೆದುಕೊಳ್ಳುವಾಗ ಒಂದು ಪದ ತಪ್ಪಿದರೂ ಹೆಚ್ಚಿನಂಶ ಇಲ್ಲಿ ಸಿಕ್ಕಿಬೀಳುತ್ತದೆ. ಇಷ್ಟನ್ನು ಮಾತ್ರ ಇಂಟರ್ನೆಟ್ಟಿನ ಸೋಂಕಿಲ್ಲದ ಹಳೆಯ ಲ್ಯಾಪ್‌ಟಾಪಿಗೆ ಬಿಡುವುದು ವಾಡಿಕೆ. ಕಾಗದದ ಮೇಲೂ ಮಾಡಬಹುದು, ತಾಳ್ಮೆ ಇದ್ದರೆ! 2014ರಲ್ಲಿ ಕೆನ್ ಶಿರಿಫ್ ಎಂಬುವರು ಈ ಲೆಕ್ಕದ ಒಂದು ಸುತ್ತನ್ನು ಪೆನ್ಸಿಲ್ ಹಿಡಿದು ಮಾಡಿ ತೋರಿಸಿದರು. ಹಿಡಿದ ಸಮಯ 16 ನಿಮಿಷ 45 ಸೆಕೆಂಡು. ಸುತ್ತುಗಳು ಒಟ್ಟು 64. ಆ ವೇಗದಲ್ಲಿ ಹನ್ನೆರಡನೇ ಪದಕ್ಕೆ ಸುಮಾರು ಹದಿನೆಂಟು ಗಂಟೆ.

ಮುಂದಿನದು ಯಂತ್ರದ ಪಾಲು. ಪದಗಳಿಂದ ಖಾಸಗಿ ಕೀಲಿ, ಅಂದರೆ ಒಂದು ಭಾರೀ ಸಂಖ್ಯೆ. ಅದರಿಂದ ಸಾರ್ವಜನಿಕ ಕೀಲಿ. ಅದನ್ನು ಅರೆದು ಕುಗ್ಗಿಸಿದರೆ ವಿಳಾಸ. ಹೋಗುವ ದಾರಿ ಉಂಟು, ಹಿಂದಿರುಗುವ ದಾರಿಯಿಲ್ಲ. ವಿಳಾಸವನ್ನು ಊರಿಗೆಲ್ಲ ಹಂಚಿದರೂ ಅದರಿಂದ ಕೀಲಿ ಹೆಕ್ಕಲಾಗದು. ಹಣ ಕಳಿಸುವಾಗಲೂ ಆಚೆ ಹೋಗುವುದು ಕೀಲಿಯಿಂದ ಹಾಕಿದ ಸಹಿ ಮಾತ್ರ. ಹನ್ನೆರಡು ಪದಗಳ ಸಾಧ್ಯತೆಗಳನ್ನು ಎಣಿಸಹೊರಟರೆ 39 ಅಂಕಿಗಳ ಸಂಖ್ಯೆ ಬರುತ್ತದೆ. ಇನ್ನೊಬ್ಬರ ನಾಣ್ಯಕ್ಕೆ ಇದೇ ಸಾಲು ಬಿದ್ದೀತೆಂಬ ಭಯಕ್ಕೆ ಅರ್ಥವಿಲ್ಲ. ಕೀಲಿ ಮಾಡಲು ಅರ್ಜಿ ಬೇಡ, ಗುರುತಿನ ಚೀಟಿ ಬೇಡ, ಯಾರ ಒಪ್ಪಿಗೆಯೂ ಬೇಡ. ಹವ್ಯಾಸಿಗಳಿಗೆ ರುಚಿ ಹತ್ತಿಸಿದ್ದು ಇದೇ ಇರಬೇಕು. ಮರೆತರೆ ಮತ್ತೆ ಮಾಡಿಕೊಡುವವರೂ ಇಲ್ಲ, ಆ ಮಾತು ಬೇರೆ.

ಕೆಲವರು ಪದಗಳನ್ನು ಸ್ಟೀಲ್ ತಗಡಿನ ಮೇಲೆ ಸುತ್ತಿಗೆಯಿಂದ ಅಚ್ಚು ಹೊಡೆದು ಇಡುತ್ತಾರೆ, ಬೆಂಕಿಗೂ ನೀರಿಗೂ ಜಗ್ಗದಿರಲೆಂದು. ಪೂರ್ತಿ ಪದ ಹೊಡೆಯಬೇಕಿಲ್ಲ. ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕಕ್ಷರ ಒಂದೇ ಇರದಂತೆ ಆರಿಸಿದ್ದಾರೆ; ನಾಲ್ಕು ಏಟಿಗೆ ಒಂದು ಪದ ಮುಗಿಯಿತು. ‘ಝೂ’ ಬಂದವರಿಗೆ ಇಂಗ್ಲಿಷಿನಲ್ಲಿ ಮೂರೇ ಏಟು.