ಬಿಸಿಲ ದಾರಿಯಲ್ಲಿ ಒಂದು ಸೂಕ್ಷ್ಮ ಕಾಲುವೆ

ಧಾರವಾಡ-ಬೆಳಗಾವಿ ಹೆದ್ದಾರಿಯ ಕಿತ್ತೂರಿನಲ್ಲಿ ಇಳಿದು ಪೂರ್ವಕ್ಕೆ ಹೊರಟವರಿಗೆ ಒಂದೇ ದಿನದಲ್ಲಿ ಎರಡು ಸೀಮೆ ಕಾಣಸಿಗುತ್ತವೆ. ರಾಣಿ ಚನ್ನಮ್ಮನ ಕೋಟೆಯ ಪಾಳುಗೋಡೆಗಳಿರುವ ಕಿತ್ತೂರು ಮಲೆನಾಡಿನ ಸೆರಗು. ಮುಂಗಾರಿನಲ್ಲಿ ಇಲ್ಲಿ ಗಾಳಿಯೂ ಒದ್ದೆ. ಮುಂದೆ ಬೈಲಹೊಂಗಲ. ಸೆರೆಯಲ್ಲಿದ್ದ ಚನ್ನಮ್ಮ 1829ರಲ್ಲಿ ಕಣ್ಣುಮುಚ್ಚಿದ್ದು ಇಲ್ಲಿಯೇ. ಆಕೆಯ ಸಮಾಧಿಯೂ ಇಲ್ಲಿದೆ. ಅಲ್ಲಿಂದ ಎರೆಹೊಲಗಳ ನಡುವೆ ಸಾಗಿದರೆ ಸವದತ್ತಿ. ಯಲ್ಲಮ್ಮನ ಗುಡ್ಡದ ಸೀಮೆಯ ದಿನ್ನೆಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ರಾಮದುರ್ಗ ಮುಟ್ಟುವ ಹೊತ್ತಿಗೆ ಕಲ್ಲುಗುಡ್ಡ, ಒಣಬಿಸಿಲು.

ಇಷ್ಟು ಬಿಸಿಲನ್ನು ವಿದ್ಯುತ್ತಾಗಿಸಲು ಇಂದು ಬಳಕೆಯಲ್ಲಿರುವ ಫಲಕಗಳಲ್ಲಿ ಹೆಚ್ಚಿನವು ಸಿಲಿಕಾನ್‌ನವು. ಸಿಲಿಕಾನ್ ಕರಗಲು 1,414 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಪೆರೋವ್‌ಸ್ಕೈಟ್ ಹಾಗಲ್ಲ. 1839ರಲ್ಲಿ ಉರಲ್ ಪರ್ವತದಲ್ಲಿ ದೊರೆತ ಖನಿಜವೊಂದರ ಹರಳಿನ ರಚನೆಯನ್ನೇ ಹೋಲುವ ಈ ವಸ್ತುವನ್ನು ದ್ರಾವಣವಾಗಿ ಸವರಿ, ಸುಮಾರು 100ರಿಂದ 150 ಡಿಗ್ರಿಯಲ್ಲಿ ಒಣಗಿಸಿದರೆ ಸಾಕು. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಮಾಡಿದ ಕೋಶದ ದಕ್ಷತೆ ಶೇ. 3.8 ಇತ್ತು, ಇಂದು ಪ್ರಯೋಗಶಾಲೆಯ ಸಣ್ಣ ಕೋಶಗಳಲ್ಲಿ ಅದು ಶೇ. 26 ದಾಟಿದೆ.

ಈ ಏರಿಕೆಯ ಒಂದು ಗುಟ್ಟನ್ನು ತಿಳಿಯಲು ಸವದತ್ತಿ ಬಳಿಯ ನವಿಲುತೀರ್ಥವೇ ಸಾಕು. ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ನೀರು ಹಿಡಿದಿಟ್ಟರಷ್ಟೇ ಸಾಲದು; ಕಾಲುವೆ ಸೋರದೆ ಒಯ್ದರೆ ಮಾತ್ರ ಹೊಲ ಹಸಿರು. ಕೋಶದಲ್ಲಿಯೂ ಹಾಗೆಯೇ. ಬೆಳಕು ಬಿದ್ದಾಗ ಪೆರೋವ್‌ಸ್ಕೈಟ್‌ನಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್‌ಗಳನ್ನು ಹೊರತಂತಿಯತ್ತ ಸಾಗಿಸುವುದು ಟೈಟೇನಿಯಂ ಅಥವಾ ತವರದ ಆಕ್ಸೈಡಿನ ಒಂದು ಪದರ. ಕೂದಲೆಳೆಗಿಂತ ಸಾವಿರ ಪಾಲಿಗೂ ಹೆಚ್ಚು ತೆಳುವಾದ ಈ ಪದರದ ಮೇಲ್ಮೈಯಲ್ಲಿ ಅಲ್ಲಲ್ಲಿ ಆಕ್ಸಿಜನ್ ಪರಮಾಣು ತಪ್ಪಿಹೋಗಿರುತ್ತದೆ. ಆ ಕುಳಿಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನು ಹೊರಗೆ ಹೋಗದೆ ಶಾಖವಾಗಿ ವ್ಯರ್ಥವಾಗುತ್ತದೆ.

ಕಾಲುವೆಗೆ ಗಾರೆ ಮಾಡುವಂತೆ ಈ ಪದರಕ್ಕೂ ಉಪಚಾರವುಂಟು. ತವರದ ಆಕ್ಸೈಡಿನ ಮೇಲೆ ಪೊಟ್ಯಾಸಿಯಂ ಕ್ಲೋರೈಡಿನ ತಿಳಿದ್ರಾವಣ ಸವರಿದರೆ ಅದರ ಅಯಾನುಗಳು ದೋಷಗಳನ್ನು ಮುಚ್ಚುತ್ತವೆ. ಸೋರಿಕೆ ತಗ್ಗಿ ಕೋಶದ ವೋಲ್ಟೇಜು ಏರುತ್ತದೆ. ನೇರಳಾತೀತ ಕಿರಣ ಬಿದ್ದಾಗ ಟೈಟೇನಿಯಂ ಆಕ್ಸೈಡು ಪಕ್ಕದ ಪೆರೋವ್‌ಸ್ಕೈಟನ್ನೇ ಕೆಡಿಸಬಲ್ಲದು. ತವರದ ಆಕ್ಸೈಡಿನಿಂದ ಆ ಕಾಟ ಕಡಿಮೆ.

ಆದರೂ ರೈತ ಪಂಪ್‌ಸೆಟ್ಟಿಗೆ ಫಲಕ ಕೊಳ್ಳುವಾಗ ಕೇಳುವುದು ದಕ್ಷತೆಯನ್ನಷ್ಟೇ ಅಲ್ಲ, ಬಾಳಿಕೆಯನ್ನು. ಸಿಲಿಕಾನ್ ಫಲಕಕ್ಕೆ ಸಾಮಾನ್ಯವಾಗಿ 25 ವರ್ಷಗಳ ಭರವಸೆ ಉಂಟು. ಪೆರೋವ್‌ಸ್ಕೈಟ್‌ಗೆ ತೇವವೂ ವೈರಿ, ಕಾವೂ ವೈರಿ. ಫಲಕಗಳನ್ನು 85 ಡಿಗ್ರಿ ಶಾಖ, ಶೇ. 85 ತೇವದಲ್ಲಿ 1,000 ಗಂಟೆ ಇಟ್ಟು ನೋಡುವ ಅಂತರರಾಷ್ಟ್ರೀಯ ಪರೀಕ್ಷೆಯಿದೆ. ಇನ್ನೊಂದು ಆತಂಕ ಸೀಸದ್ದು: ಹೆಚ್ಚಿನ ಪೆರೋವ್‌ಸ್ಕೈಟ್ ಕೋಶಗಳಲ್ಲಿ ಅದಿದೆ. ಫಲಕ ಒಡೆದು ಮಳೆನೀರು ಹೊಕ್ಕರೆ ಸೀಸ ಸೇರುವುದು ಜೋಳ ಬೆಳೆಯುವ ಎರೆಮಣ್ಣಿಗೆ. ಕಾಲುವೆಯ ಸೋರಿಕೆಯನ್ನು ತಡೆದ ವಿಜ್ಞಾನ ಈ ಸೋರಿಕೆಯನ್ನೂ ತಡೆಯಬೇಕು. ಕಿತ್ತೂರಿನ ಆಷಾಢ, ರಾಮದುರ್ಗದ ಚೈತ್ರ ಎರಡನ್ನೂ ವರ್ಷವರ್ಷ ತಾಳಿಕೊಂಡಾಗಲೇ ಈ ಕೋಶ ಹೊಲದ ಬದುವಿಗೆ ಬರಲು ಯೋಗ್ಯ.