ಸೇತುವೆಯ ಗುರುಲಘು

ಛಂದಸ್ಸು ಬೋಧಿಸುವ ಕನ್ನಡ ಪಂಡಿತನಿಗೂ ಸೈನ್ಯದ ವಾಹನಗಳಿಗೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ಸಂಬಂಧ ಕಲ್ಪಿಸಿದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ. 1780ರಷ್ಟು ಹಿಂದೆಯೇ ಹುಟ್ಟಿ, ಈಗ ಹಲಸೂರು ಕೆರೆಯ ಸಮೀಪದಲ್ಲಿ ನೆಲೆಸಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಆತ, ಈಚೆಗೆ ವಿಶ್ವೇಶ್ವರಪುರದ ನಮ್ಮ ಮನೆಗೆ ಬಂದಿದ್ದಾಗ ಸೈನ್ಯದ ಲಾರಿಯೊಂದರ ಚಿತ್ರವನ್ನು ಮುಂದಿಟ್ಟ. ಲಾರಿಯ ಮುಂಭಾಗದಲ್ಲಿ ಹಳದಿ ಬಣ್ಣದ ದುಂಡು ಬಿಲ್ಲೆ. ಅದರ ಮೇಲೆ ಕಪ್ಪು ಅಂಕಿ. “ಇದರ ಅರ್ಥ ಹೇಳಿ ಗುರುಗಳೇ” ಎಂದು ನನ್ನನ್ನೇ ಪರೀಕ್ಷೆಗೊಡ್ಡಿದ!

ಅದು ಸೇತುವೆ ದಾಟುವುದಕ್ಕೆ ಸಂಬಂಧಿಸಿದ ಅಂಕಿ. ಸೇತುವೆಯ ತುದಿಯಲ್ಲಿಯೂ ಅಂಥದೇ ಹಳದಿ ಫಲಕವಿರುತ್ತದೆ. ವಾಹನದ ಅಂಕಿ ಸೇತುವೆಯ ಅಂಕಿಯನ್ನು ಮೀರದಿದ್ದರೆ ದಾಟಬಹುದು; ಮೀರಿದರೆ ನಿಲ್ಲಬೇಕು. ಕತ್ತಲೆ, ಮಳೆ, ಶತ್ರುಭಯಗಳ ನಡುವೆ ಚಾಲಕನು ಲೆಕ್ಕ ಹಾಕುತ್ತ ಕೂರಲಾದೀತೆ? ಲೆಕ್ಕವನ್ನೆಲ್ಲ ಮೊದಲೇ ಮಾಡಿ ಒಂದು ಅಂಕಿಯಲ್ಲಿ ಅಡಗಿಸಿಟ್ಟಿದ್ದಾರೆ. ವಾಹನವು ಇನ್ನೊಂದನ್ನು ಎಳೆದುಕೊಂಡು ಹೋಗುವಾಗ ಎರಡೂ ಸೇರಿದ ಅಂಕಿಯೇ ಬೇರೆ. ಅದೂ ಒಂದು ಸಂಧಿಕಾರ್ಯವೇ ಎನ್ನೋಣ.

ನನ್ನ ಕುತೂಹಲ ಕೆರಳಿದ್ದು ಆತನ ಮುಂದಿನ ಮಾತಿನಿಂದ. ಆ ಅಂಕಿ ತೂಕಕ್ಕೆ ಸಮೀಪವಾಗಿದ್ದರೂ ತೂಕವಲ್ಲ, ವರ್ಗಸೂಚಕ. ಒಂದೇ ತೂಕದ ಎರಡು ವಾಹನಗಳಲ್ಲಿ ಒಂದರ ಅಚ್ಚುಗಳು ಒತ್ತಾಗಿದ್ದು ಇನ್ನೊಂದರವು ದೂರದೂರವಿದ್ದರೆ, ಸೇತುವೆ ಅನುಭವಿಸುವ ಭಾರ ಒಂದೇ ಆಗದು. ಇದನ್ನು ಕೇಳುತ್ತಲೇ ನನಗೆ ತರಗತಿಯ ಪಾಠ ನೆನಪಾಯಿತು. ‘ಅರಸ’ ಎಂಬಲ್ಲಿಯ ಅಕಾರ ಲಘು; ‘ಅಕ್ಕ’ ಎಂಬಲ್ಲಿ ಅದೇ ಅಕಾರ ಗುರು. ಅಕ್ಷರ ಬದಲಾಗಲಿಲ್ಲ, ನೆರೆ ಬದಲಾಯಿತು. ಗುರುವೆಂದರೆ ಭಾರವುಳ್ಳದ್ದೆಂದೇ ಅರ್ಥವಷ್ಟೆ. ಎಂಜಿನಿಯರುಗಳು ಇದನ್ನು ಪಂಡಿತರಿಂದ ಕಲಿತರೆಂದು ವಾದಿಸಲು ನಾನು ಸಿದ್ಧನಿಲ್ಲ, ಬಿಡಿ.

ಸೇತುವೆಯ ಅಂಕಿಯೂ ಜೋಡಣೆಯನ್ನು ಅನುಸರಿಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಆಂಗ್ಲ ಎಂಜಿನಿಯರರು ರೂಪಿಸಿದ ಸೇತುವೆಯ ಉಕ್ಕಿನ ಚೌಕಟ್ಟು ಹತ್ತು ಅಡಿ ಉದ್ದ. ಆರು ಜನ ಹೊತ್ತು ಸಾಗಿಸಬಹುದು. ಅವನ್ನೇ ಅಕ್ಕಪಕ್ಕದಲ್ಲಿ ಎರಡಾಗಿ ಮೂರಾಗಿ, ಒಂದರ ಮೇಲೊಂದಾಗಿ ಜೋಡಿಸಿದರೆ ಅಂಕಿ ಏರುತ್ತದೆ. ಆಧಾರದಿಂದ ಆಧಾರಕ್ಕೆ ದೂರ ಹೆಚ್ಚಿದಷ್ಟೂ ಇಳಿಯುತ್ತದೆ. ನಮ್ಮ ಡಿಆರ್‌ಡಿಒ ಸಂಸ್ಥೆಯ ‘ಸರ್ವತ್ರ’ ಸೇತುವೆ 70ನೆಯ ವರ್ಗದ್ದು. ಟ್ಯಾಂಕುಗಳಿಗೂ ದಾರಿ ಕೊಡುತ್ತದೆ. ಉಕ್ಕಿಗೆ ಸಂಸ್ಕೃತದ ಅವ್ಯಯವೊಂದನ್ನು ಹೆಸರಾಗಿಟ್ಟವರ ರುಚಿಯನ್ನು ಮೆಚ್ಚಬೇಕು.

2024ರ ಜುಲೈ 30ರಂದು, ನಮ್ಮ ಗಡಿಗೆ ಹೊಂದಿಕೊಂಡ ವಯನಾಡಿನಲ್ಲಿ ಗುಡ್ಡ ಕುಸಿದು ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಯಿತು. ಆಚೆಯ ಮುಂಡಕ್ಕೈ ಗ್ರಾಮದ ಸಂಪರ್ಕ ಕಡಿಯಿತು. ಬೆಂಗಳೂರಿನ ಇದೇ ಪಡೆ, ಮೇಜರ್ ಸೀತಾ ಶೆಲ್ಕೆಯವರ ನೇತೃತ್ವದಲ್ಲಿ, ಮಳೆಯನ್ನೂ ಲೆಕ್ಕಿಸದೆ ಹಗಲಿರುಳು ದುಡಿದು, 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರಂದು ಪೂರ್ಣಗೊಳಿಸಿತು. ಅದರ ವರ್ಗ 24.

ಆ ದಿನಗಳಲ್ಲಿ ನನ್ನ ಶಿಷ್ಯ ದೂರದರ್ಶನದ ಮುಂದಿನಿಂದ ಏಳಲಿಲ್ಲವಂತೆ. ಸುದ್ದಿ ಓದುವವರು ಅಡಿಗಳನ್ನೂ ಗಂಟೆಗಳನ್ನೂ ಎಣಿಸುತ್ತಿದ್ದರೆ, ಈತ ಕಾಯುತ್ತಿದ್ದುದು ಒಂದೇ ಅಂಕಿಗಾಗಿ. “ಇಪ್ಪತ್ತನಾಲ್ಕು ಎಂದು ಕೇಳಿದಾಗ ಉಸಿರು ಬಂತು ಗುರುಗಳೇ. ಬರೀ ಕಾಲುಸಂಕವಾದರೆ ಜನ ಮಾತ್ರ ದಾಟುತ್ತಾರೆ. ಇಪ್ಪತ್ತನಾಲ್ಕು ಎಂದರೆ ಆಂಬುಲೆನ್ಸು ಹೋಗುತ್ತದೆ, ಮಣ್ಣೆತ್ತುವ ಯಂತ್ರವೂ ನೇರವಾಗಿ ಆಚೆ ಹೋಗುತ್ತದೆ” ಎಂದ.