ಬಾಗಿಲು ಮುಚ್ಚಿದರೂ ಆರದ ದೀಪ

ಕಾರಿನ ಬಾಗಿಲುಗಳನ್ನೆಲ್ಲ ಭದ್ರವಾಗಿ ಹಾಕಿದ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದ ಕಾರಿನ ಕೆಂಪು ಚಿತ್ರ ಆರದೆ ಉಳಿದರೆ, ದೋಷ ಇರುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು ಕಡೆ: ಬಾಗಿಲಿನ ಸ್ವಿಚ್ಚಿನಲ್ಲಿ, ಅದರ ವೈರಿನಲ್ಲಿ, ಇಲ್ಲವೇ ಬಾಗಿಲು ಕೂರುವ ರೀತಿಯಲ್ಲಿ. ಮೂರನ್ನೂ ಮನೆಯಂಗಳದಲ್ಲೇ ಹುಡುಕಬಹುದು. ಬೇಕಾಗುವ ಸಾಮಾನೂ ಕಡಿಮೆ: ಒಂದು ಮಲ್ಟಿಮೀಟರ್, ಒಂದೆರಡು ಸ್ಕ್ರೂಡ್ರೈವರ್, ಟಾರ್ಚು, ಹಳೆಯ ಬಟ್ಟೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸಂತೋಷ ಕೊಡುವ ಕಾರಿನ ಕೆಲಸ ಇನ್ನೊಂದಿಲ್ಲ. ಊಹೆಗೆ ಇಲ್ಲಿ ಜಾಗವೇ ಇಲ್ಲ; ಕ್ರಮವಾಗಿ ಪರೀಕ್ಷಿಸುತ್ತ ಹೋದರೆ ತಪ್ಪು ಎಲ್ಲಿದೆಯೆಂದು ಕಾರೇ ತೋರಿಸಿಕೊಡುತ್ತದೆ.

ಸ್ವಿಚ್ಚಿನಲ್ಲಿ ಎರಡು ಬಗೆ. ಮಾರುತಿ 800 ಕಾಲದ ಕಾರುಗಳಲ್ಲಿ ಕಾಣುವುದು ಬಾಡಿಯ ಕಂಬಕ್ಕೆ ಒಂದೇ ಸ್ಕ್ರೂವಿನಿಂದ ಬಿಗಿದ, ರಬ್ಬರ್ ಮುಸುಕಿನ ಪಿನ್ ಸ್ವಿಚ್. ಇದಕ್ಕೆ ಬರುವುದು ಒಂದೇ ವೈರು. ಅರ್ತ್ ಸಿಗುವುದು ಅದೇ ಸ್ಕ್ರೂವಿನ ಮೂಲಕ ಬಾಡಿಯಿಂದ. ಬಾಗಿಲು ತೆರೆದಾಗ ಸ್ಪ್ರಿಂಗು ಪಿನ್ನನ್ನು ಹೊರಕ್ಕೆ ತಳ್ಳುತ್ತದೆ, ವೈರು ಬಾಡಿಗೆ ಮುಟ್ಟುತ್ತದೆ, ದೀಪ ಹತ್ತುತ್ತದೆ. ಬಾಗಿಲು ಹಾಕಿದರೆ ಪಿನ್ ಒಳಕ್ಕೆ ಒತ್ತಿಕೊಂಡು ಸಂಪರ್ಕ ಕಡಿಯುತ್ತದೆ. ಎರಡನೆಯ ಬಗೆ ಬಾಗಿಲಿನ ಲಾಕಿನೊಳಗೇ ಅಡಗಿರುವ ಮೈಕ್ರೋಸ್ವಿಚ್. ಲಾಕಿನ ಕೊಕ್ಕೆ ತಿರುಗಿದಂತೆ ಇದೂ ಒತ್ತಿಕೊಳ್ಳುತ್ತದೆ ಇಲ್ಲವೇ ಬಿಟ್ಟುಕೊಳ್ಳುತ್ತದೆ, ಸುದ್ದಿಯನ್ನು ಕಾರಿನ ಬಾಡಿ ಕಂಟ್ರೋಲ್ ಮಾಡ್ಯೂಲಿಗೆ ಮುಟ್ಟಿಸುತ್ತದೆ.

ಈ ಚಿಕ್ಕ ಭಾಗ ಕೆಟ್ಟರೆ ಆಗುವ ತೊಂದರೆ ಚಿಕ್ಕದಲ್ಲ. ಇದೇ ಸ್ವಿಚ್ಚು ಹತ್ತಿಸುವ, ಕಾರಿನೊಳಗಿನ 10 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ. 35 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ ಸುಮಾರು 42 ಗಂಟೆ ಬರಬೇಕು. ಸ್ಟಾರ್ಟರ್ ಮೋಟಾರು ತಿರುಗಿಸುವ ಕಸುವು ಅದಕ್ಕೂ ಬಹಳ ಮೊದಲೇ ಹೋಗಿರುತ್ತದೆ. ಹೊಸ ಕಾರುಗಳಲ್ಲಿ ದೀಪ ಸ್ವಲ್ಪ ಹೊತ್ತಿಗೆ ತಾನೇ ಆರಬಹುದು, ಆದರೆ ಬಾಗಿಲು ತೆರೆದಿದೆ ಎಂದು ನಂಬಿದ ಮಾಡ್ಯೂಲು ನಿದ್ದೆಗೆ ಜಾರದೆ ಕರೆಂಟು ಎಳೆಯುತ್ತಲೇ ಇರಬಹುದು. ರಿಮೋಟ್ ಒತ್ತಿದರೆ ಲಾಕ್ ಬೀಳುವುದಿಲ್ಲ, ಬಿದ್ದರೂ ನಡುರಾತ್ರಿ ಸೈರನ್ ಕೂಗುತ್ತದೆ.

ಮೊದಲ ಪ್ರಶ್ನೆ: ಯಾವ ಬಾಗಿಲು? ಕೆಲವು ಕಾರುಗಳು ಬಾಗಿಲನ್ನು ಬೇರೆ ಬೇರೆಯಾಗಿ ತೋರಿಸುತ್ತವೆ. ಎಲ್ಲಕ್ಕೂ ಒಂದೇ ದೀಪವಿರುವ ಹಳೆಯ ಕಾರುಗಳಲ್ಲಿ ಪಿನ್ ಸ್ವಿಚ್ಚುಗಳೆಲ್ಲ ಸಮಾನಾಂತರವಾಗಿ ಜೋಡಿಸಿರುತ್ತವೆ. ಯಾವುದೊಂದು ಅರ್ತಿಗೆ ಮುಟ್ಟಿದರೂ ದೀಪ ಉರಿಯುತ್ತದೆ. ಒಂದು ಬಾಗಿಲು ತೆರೆದು ಅದರ ಪಿನ್ನನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ ಹಿಡಿಯಬೇಕು. ದೀಪ ಆರಿದರೆ ಸ್ವಿಚ್ಚು ಗಟ್ಟಿ. ಬಾಗಿಲೇ ಅದನ್ನು ಸಾಕಷ್ಟು ಒತ್ತುತ್ತಿಲ್ಲ ಎಂದರ್ಥ. ಆರದಿದ್ದರೆ ಸ್ಕ್ರೂ ಬಿಚ್ಚಿ, ಸ್ವಿಚ್ಚನ್ನು ಹೊರಗೆಳೆದು, ವೈರು ಕಳಚಿ ನೋಡಬೇಕು. ಕಳಚಿದ ವೈರಿಗೆ ಕೂಡಲೇ ಬಟ್ಟೆ ಒಣಗಿಸುವ ಕ್ಲಿಪ್ಪೊಂದನ್ನು ಸಿಕ್ಕಿಸುವುದು ಕಡ್ಡಾಯ. ಅದು ಕಂಬದೊಳಗೆ ಜಾರಿ ಹೋದರೆ ಮತ್ತೆ ಹೊರತೆಗೆಯುವ ಹೊತ್ತಿನಲ್ಲಿ ನಾಲ್ಕೂ ಸ್ವಿಚ್ಚು ಬದಲಿಸಬಹುದು. ಒಂದೊಂದಾಗಿ ಎಲ್ಲ ವೈರು ಕಳಚಿದರೂ ದೀಪ ಆರದಿದ್ದರೆ ಸ್ವಿಚ್ಚುಗಳ ತಪ್ಪೇನೂ ಇಲ್ಲ. ವೈರು ಎಲ್ಲೋ ಬಾಡಿಗೆ ಉಜ್ಜಿ ಸಿಪ್ಪೆ ಕಳೆದುಕೊಂಡಿದೆ. ಡಿಕ್ಕಿಯ ಬಾಗಿಲನ್ನು ಈ ಎಣಿಕೆಯಲ್ಲಿ ಬಿಡಬಾರದು.

ಲಾಕಿನೊಳಗೆ ಸ್ವಿಚ್ಚಿರುವ ಕಾರಿಗೆ ಇದಕ್ಕಿಂತ ಸೊಗಸಾದ ಪರೀಕ್ಷೆಯಿದೆ. ಇದರ ರುಚಿ ಹತ್ತಿದವರು ಬೇರೆ ಯಾವ ಪರೀಕ್ಷೆಯಿಂದಲೂ ಶುರು ಮಾಡುವುದಿಲ್ಲ. ಬಾಗಿಲನ್ನು ತೆರೆದಿಟ್ಟೇ, ಅದು ಮುಚ್ಚಿದೆಯೆಂದು ಲಾಕಿಗೆ ನಂಬಿಸುವುದು ಇದರ ತಿರುಳು. ಬಾಗಿಲಿನ ಅಂಚಿನಲ್ಲಿ ಬಾಯಿ ತೆರೆದು ನಿಂತ ಕೊಕ್ಕೆಗೆ ಸ್ಕ್ರೂಡ್ರೈವರಿನ ದಂಡವನ್ನು ಅಡ್ಡಲಾಗಿ ಇಟ್ಟು, ಕಂಬದ ಮೇಲಿನ ಸ್ಟ್ರೈಕರ್ (ಕೊಕ್ಕೆ ಕಚ್ಚಿಕೊಳ್ಳುವ ಲೋಹದ ಭಾಗ) ಒಳನುಗ್ಗುವ ದಿಕ್ಕಿನಲ್ಲೇ ನಿಧಾನವಾಗಿ ಒತ್ತಬೇಕು. ಟಕ್ ಎಂದು ಒಂದು ಸದ್ದು. ಇನ್ನಷ್ಟು ಒತ್ತಿದರೆ ಇನ್ನೊಂದು. ಕಣ್ಣು ಡ್ಯಾಶ್‌ಬೋರ್ಡಿನ ಮೇಲಿರಬೇಕು. ಎರಡನೆಯ ಸದ್ದಿಗೆ ದೀಪ ಆರಿದರೆ ಸ್ವಿಚ್ಚೂ ವೈರೂ ಸರಿ, ದೋಷ ಬಾಗಿಲು ಕೂರುವುದರಲ್ಲಿದೆ. ಆರದಿದ್ದರೆ ಸ್ವಿಚ್ಚು ಅಥವಾ ವೈರು. ಕೊಕ್ಕೆಯನ್ನು ಬೆರಳಿನಿಂದ ಅಲುಗಿಸಿದಾಗ ದೀಪ ಮಿನುಗಿದರೆ ಸ್ವಿಚ್ಚಿನ ಸ್ಪರ್ಶಬಿಂದು ಸವೆದಿದೆ, ಇಲ್ಲವೇ ಕೊಳೆ ಹಿಡಿದಿದೆ. ಒಂದು ಪೈಸೆ ಖರ್ಚಿಲ್ಲದೆ, ಒಂದು ಸ್ಕ್ರೂ ಬಿಚ್ಚದೆ, ಸಂಶಯ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆಯನ್ನು ಬಿಡಿಸಿಯೇ ಬಾಗಿಲು ಹಾಕಬೇಕು. ಮರೆತು ಹಾಕಿದರೆ ಮುಚ್ಚಿಕೊಂಡ ಕೊಕ್ಕೆ ಸ್ಟ್ರೈಕರಿಗೆ ಬಡಿದು ಲಾಕೇ ಕೆಡುತ್ತದೆ.

ಆ ಎರಡು ಸದ್ದುಗಳ ಹಿಂದೆ ದೊಡ್ಡ ಸಂಗತಿಯೇ ಇದೆ. ಪಕ್ಕದ ಬಾಗಿಲು ಎರಡು ಹಂತಗಳಲ್ಲಿ ಲಾಕ್ ಆಗುವುದು ಸುರಕ್ಷತಾ ನಿಯಮಗಳ ಬೇಡಿಕೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ವಾಹನಗಳಿಗಾಗಿ ರೂಪಿಸಿದ ಜಾಗತಿಕ ತಾಂತ್ರಿಕ ನಿಯಮಗಳ ಸಾಲಿನಲ್ಲಿ ಮೊತ್ತಮೊದಲನೆಯದು, 2004ರಲ್ಲಿ ಬಂದದ್ದು, ಬಾಗಿಲಿನ ಲಾಕು ಮತ್ತು ಕೀಲುಗಳ ಕುರಿತೇ ಇದೆ. ಅದರಂತೆ ಪೂರ್ತಿ ಬಿದ್ದ ಲಾಕು ಒಂದು ದಿಕ್ಕಿನ ಪರೀಕ್ಷೆಯಲ್ಲಿ 11,000 ನ್ಯೂಟನ್ ಬಲವನ್ನು ತಡೆಯಬೇಕು. ಅರ್ಧ ಬಿದ್ದ ಲಾಕು 4,500 ನ್ಯೂಟನ್ ತಡೆದರೆ ಸಾಕು. ಬಾಗಿಲು ಸರಿಯಾಗಿ ಬೀಳದಿದ್ದರೂ ತಿರುವಿನಲ್ಲಿ ಒಮ್ಮೆಗೇ ತೆರೆದುಕೊಳ್ಳದಿರಲಿ ಎಂದು ಮೊದಲ ಹಂತ. ಅಪಘಾತದಲ್ಲೂ ತೆರೆಯದಿರಲಿ ಎಂದು ಎರಡನೆಯದು. ಅರ್ಧ ಬಿದ್ದ ಬಾಗಿಲು ಹೊರಗಿನಿಂದ ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ಈ ಎರಡು ಹಂತಗಳ ನಡುವಿನ ಅಂತರವನ್ನು ಒಳಗೆ ಕುಳಿತವರಿಗೆ ತಿಳಿಸುವುದು ಆ ಕೆಂಪು ದೀಪ. ಜಾರುಬಾಗಿಲಿನ ವಾಹನಗಳಲ್ಲಂತೂ, ಬಾಗಿಲು ಪೂರ್ತಿ ಬಿದ್ದಿಲ್ಲವೆಂದು ಎಚ್ಚರಿಸುವ ವ್ಯವಸ್ಥೆಯಿದ್ದರೆ ಅರ್ಧ ಹಂತ ಇಲ್ಲದಿದ್ದರೂ ನಡೆಯುತ್ತದೆ ಎಂದು ಅದೇ ನಿಯಮ ಒಪ್ಪುತ್ತದೆ. ಉಕ್ಕಿನ ಒಂದು ಹಲ್ಲಿನ ಬದಲಿಗೆ ಒಂದು ದೀಪವನ್ನು ನಂಬಿದ್ದಾರೆ ಎಂದರೆ ಆ ದೀಪದ ಬೆಲೆ ಎಷ್ಟೆಂದು ತಿಳಿಯುತ್ತದೆ.

ಇನ್ನು ಮೀಟರಿನ ಕೆಲಸ. ಇಗ್ನಿಷನ್ ಆರಿಸಿ, ಕಪ್ಲರ್ ಕಳಚಿ, ಸ್ವಿಚ್ಚಿನ ಕಡೆಯ ತುದಿಗಳ ನಡುವೆ 200 ಓಮ್ ರೇಂಜಿನಲ್ಲಿ ಅಳೆಯಬೇಕು. ಪಿನ್ ಸ್ವಿಚ್ಚಾದರೆ ಒಂದು ಕಡ್ಡಿ ಟರ್ಮಿನಲ್ಲಿಗೆ, ಇನ್ನೊಂದು ಸ್ಕ್ರೂ ಕೂರುವ ಲೋಹಕ್ಕೆ. ಒಳ್ಳೆಯ ಸ್ವಿಚ್ಚು ಒಂದು ಸ್ಥಿತಿಯಲ್ಲಿ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು, ಇನ್ನೊಂದರಲ್ಲಿ ಸಂಪರ್ಕವೇ ಇರಬಾರದು. ನಡುವಿನ ಯಾವುದೋ ಸಂಖ್ಯೆ, ಅದೂ ಒತ್ತಿದಂತೆಲ್ಲ ಬದಲಾಗುವ ಸಂಖ್ಯೆ ಕಂಡರೆ ಒಳಗೆ ಕಿಲುಬು ಕಟ್ಟಿದೆ. ಬಾಗಿಲು ಮುಚ್ಚಿದಾಗ ಸಂಪರ್ಕ ಕೂಡುವ ವಿನ್ಯಾಸವೂ ಇದೆ, ಕಡಿಯುವ ವಿನ್ಯಾಸವೂ ಇದೆ. ಕೂಡುವ ಬಗೆಯಲ್ಲಿ ಕಿಲುಬು ಹಿಡಿದರೆ ದೀಪ ಆರುವುದೇ ಇಲ್ಲ. ಕಡಿಯುವ ಬಗೆಯಲ್ಲಿ ದೀಪ ಹತ್ತುವುದೇ ಇಲ್ಲ. ಎರಡನೆಯದು ಯಾರ ಕಣ್ಣಿಗೂ ಬೀಳದ ಕಾರಣ ಹೆಚ್ಚು ಅಪಾಯದ್ದು.

ಹೊಸ ಬಗೆಯ ಸ್ವಿಚ್ಚು ಕಿಲುಬಿಗೆ ಬೇಗ ಸೋಲುವುದಕ್ಕೆ ಒಂದು ಕಾರಣವಿದೆ. ಹಳೆಯ ಪಿನ್ ಸ್ವಿಚ್ಚಿನ ಮೂಲಕ ಬಲ್ಬಿನ ಪೂರ್ತಿ ಕರೆಂಟು ಹರಿಯುತ್ತಿತ್ತು. ಸಂಪರ್ಕ ಕೂಡಿದಾಗ ಹಾರುವ ಸಣ್ಣ ಕಿಡಿ ಮೇಲಿನ ಕಿಲುಬಿನ ಪೊರೆಯನ್ನು ಸುಟ್ಟು ತೆಗೆಯುತ್ತಿತ್ತು. ಲಾಕಿನೊಳಗಿನ ಮೈಕ್ರೋಸ್ವಿಚ್ಚಿನಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್. ಅಷ್ಟರಿಂದ ಪೊರೆ ಒಡೆಯುವುದಿಲ್ಲ. ಮಲೆನಾಡಿನ ಮಳೆಗಾಲದ ತೇವ, ಕರಾವಳಿಯ ಉಪ್ಪುಗಾಳಿ, ವಾಟರ್ ಸರ್ವಿಸ್‌ನವರು ಬಾಗಿಲಿನ ಸಂದಿಗೆ ನೇರ ಹೊಡೆಯುವ ನೀರಿನ ರಭಸ, ಇವೆಲ್ಲ ಸೇರಿ ಉಳಿದ ಕೆಲಸ ಮುಗಿಸುತ್ತವೆ.

ಇಲ್ಲಿಗೆ ಬಂದಾಗ ರಿಪೇರಿಯವರಲ್ಲಿ ಬಹಳ ಮಂದಿ ಕೈಹಾಕುವುದು ಡಬ್ಲ್ಯೂಡಿ-40 ಡಬ್ಬಿಗೆ. ಕೊಕ್ಕೆಗೆ ಚೆನ್ನಾಗಿ ಹೊಡೆಯುತ್ತಾರೆ, ಬಾಗಿಲನ್ನು ಹತ್ತಾರು ಸಲ ಬಡಿಯುತ್ತಾರೆ, ದೀಪ ಆರುತ್ತದೆ, ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ. ತಪ್ಪು ಡಬ್ಬಿಯದಲ್ಲ. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಕಂಪನಿ ತಯಾರಿಸಿದ್ದು. ನೀರನ್ನು ಹೊರದಬ್ಬಿ ತುಕ್ಕು ತಡೆಯುವುದು ಅದರ ಮೂಲ ಕೆಲಸ, ಅಟ್ಲಾಸ್ ಕ್ಷಿಪಣಿಯ ಹೊರಮೈಗೂ ಅದನ್ನು ಬಳಿದಿದ್ದರು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಲಾಕಿನೊಳಗೆ ಅದು ಹಳೆಯ ಗ್ರೀಸನ್ನು ಕರಗಿಸಿ ಇಳಿಸುತ್ತದೆ, ಆ ಜಾಗದಲ್ಲಿ ತೆಳು ಎಣ್ಣೆಯ ಪೊರೆ ಬಿಡುತ್ತದೆ. ರಸ್ತೆಯ ಧೂಳು ಆ ಎಣ್ಣೆಗೆ ಅಂಟಿ, ಕೆಲವು ವಾರಗಳಲ್ಲಿ ಮೊದಲಿಗಿಂತ ಗಟ್ಟಿಯಾದ ಜಿಡ್ಡು ಕಟ್ಟುತ್ತದೆ. ದೀಪ ಮರಳುತ್ತದೆ, ಡಬ್ಬಿಯೂ ಮರಳುತ್ತದೆ. ಈ ಸುತ್ತನ್ನೇ ರಿಪೇರಿ ಎಂದು ಹೇಳಿಕೊಡುವವರನ್ನು ಕಂಡರೆ ಈ ಕಸುಬಿನ ಮೇಲೆ ಪ್ರೀತಿ ಇರುವ ಯಾರಿಗಾದರೂ ಸಿಟ್ಟು ಬರುತ್ತದೆ. ಸರಿಯಾದ ಕ್ರಮ ಇದಕ್ಕಿಂತ ಹತ್ತು ನಿಮಿಷ ಹೆಚ್ಚು ಬೇಡುತ್ತದೆ, ಅಷ್ಟೆ. ಮೊದಲು ಒಣಗಿದ ಮೇಲೆ ಏನನ್ನೂ ಉಳಿಸದ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಹಲವು ಸಲ ಮುಚ್ಚಿ ಬಿಡಿಸಿ, ಕರಗಿದ ಕೊಳೆಯನ್ನು ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಇದನ್ನೇ ಮಾಡಬೇಕು. ಪೂರ್ತಿ ಒಣಗಿದ ಮೇಲೆ ಕೊಕ್ಕೆ, ಸ್ಪ್ರಿಂಗುಗಳಿಗೆ ಬಿಳಿ ಲಿಥಿಯಂ ಗ್ರೀಸು. ಕಪ್ಲರಿನ ರಬ್ಬರ್ ಸೀಲಿಗೆ ಸಿಲಿಕೋನ್ ಗ್ರೀಸು. ಪಿನ್ ಸ್ವಿಚ್ಚಾದರೆ ಟರ್ಮಿನಲ್ಲನ್ನೂ ಸ್ಕ್ರೂ ಕೂರುವ ಜಾಗವನ್ನೂ ನಯವಾದ ಎಮರಿ ಪೇಪರಿನಿಂದ ಉಜ್ಜಿ ಹೊಳಪು ಬರಿಸಬೇಕು.

ಸ್ವಿಚ್ಚು ಸರಿಯಿದ್ದರೆ ಮುಂದಿನ ಸಂಶಯ ವೈರು. ಬಾಡಿಯಿಂದ ಬಾಗಿಲಿಗೆ ವೈರುಗಳು ಕೀಲಿನ ಹತ್ತಿರದ ರಬ್ಬರ್ ಬೂಟಿನೊಳಗಿಂದ ಹೋಗುತ್ತವೆ. ಬಾಗಿಲು ತೆರೆದು ಹಾಕಿದಾಗಲೆಲ್ಲ ಅಲ್ಲಿ ಬಾಗುತ್ತವೆ. ಎಲ್ಲಕ್ಕಿಂತ ಹೆಚ್ಚು ತೆರೆಯುವ ಡ್ರೈವರ್ ಬಾಗಿಲಿನಲ್ಲಿ ಮತ್ತು ಡಿಕ್ಕಿಯಲ್ಲಿ ತಾಮ್ರದ ಎಳೆಗಳು ಸಿಪ್ಪೆಯೊಳಗೇ ತುಂಡಾಗುತ್ತವೆ. ಕೊಕ್ಕೆಯನ್ನು ಮುಚ್ಚಿಟ್ಟು ಬಾಗಿಲನ್ನು ಇಂಚಿಂಚಾಗಿ ಸರಿಸಿದಾಗ ದೀಪ ಹತ್ತಿ ಆರುತ್ತಿದ್ದರೆ ಬೇರೆ ಸಾಕ್ಷಿ ಬೇಡ. ತುಂಡಾದ ಜಾಗದಲ್ಲೇ ಬೆಸುಗೆ ಹಾಕಿದರೆ ಬೆಸುಗೆಯ ಅಂಚಿನಲ್ಲಿ ವೈರು ಬೇಗನೆ ಮತ್ತೆ ಮುರಿಯುತ್ತದೆ. ಬಾಗುವ ಭಾಗಕ್ಕೆಲ್ಲ ಮೆತ್ತನೆಯ ಹೊಸ ವೈರು ಹಾಕಿ, ಜೋಡಣೆಗಳನ್ನು ಬೂಟಿನ ಎರಡೂ ಹೊರಬದಿಗೆ ತಂದು, ಶಾಖಕ್ಕೆ ಕುಗ್ಗುವ ಸ್ಲೀವ್ ತೊಡಿಸುವುದು ಬಾಳುವ ಕೆಲಸ.

ಲಾಕನ್ನೇ ಬಿಚ್ಚಬೇಕಾದರೆ ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಆಮೇಲೆ ಒಳಗಿನ ಪ್ಯಾಡಿಗೆ ಕೈಹಾಕಬೇಕು. ಗಾಜು ಇಳಿಸುವ ಕೈಹಿಡಿ ಇರುವ ಕಾರಿನಲ್ಲಿ ಅದನ್ನು ಹಿಡಿದಿರುವ ಕ್ಲಿಪ್ಪು ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯ ಪಟ್ಟಿಯೊಂದನ್ನು ಕೈಹಿಡಿಯ ಹಿಂದೆ ತೂರಿಸಿ, ಶೂ ಪಾಲಿಶ್ ಮಾಡುವವರಂತೆ ಎಡಕ್ಕೂ ಬಲಕ್ಕೂ ಎಳೆದರೆ ಕ್ಲಿಪ್ಪು ಬಟ್ಟೆಗೆ ಸಿಕ್ಕಿ ಚಿಮ್ಮುತ್ತದೆ. ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಎಸೆಯುವ ಚಾಳಿ ಅಕ್ಷಮ್ಯ. ಗಾಜಿನ ಸಂದಿಯಿಂದ ಬಾಗಿಲಿನೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಆ ಹಾಳೆಯೇ.

ಬಾಗಿಲು ಕೂರುವುದರಲ್ಲಿ ದೋಷವಿದ್ದರೆ ಮೊದಲು ತೆರೆದ ಬಾಗಿಲಿನ ತುದಿ ಹಿಡಿದು ಎತ್ತಿ ನೋಡಬೇಕು. ಕೀಲು ಸವೆದಿದ್ದರೆ ಅಲ್ಲಾಡುತ್ತದೆ. ಕೀಲು ಗಟ್ಟಿಯಿದ್ದರೆ ಸ್ಟ್ರೈಕರನ್ನು ಸರಿಸಬೇಕು. ಸಡಿಲಿಸುವ ಮುನ್ನ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಕದಲಿಸದೆ, ಪ್ರತಿ ಸಲವೂ ಬಾಗಿಲು ಹಾಕಿ ನೋಡಬೇಕು. ಬಾಗಿಲನ್ನು ಬಡಿದು ಹಾಕುವುದೇ ಇದಕ್ಕೆ ಮದ್ದು ಎಂದುಕೊಂಡವರ ಕಾರುಗಳಲ್ಲಿ ಕೀಲೂ ಲಾಕೂ ಒಟ್ಟಿಗೇ ಸವೆಯುತ್ತವೆ.

ಇಷ್ಟೆಲ್ಲ ದಾರಿ ಇರುವಾಗಲೂ ಅಂಗಡಿ ಅಂಗಡಿಯಲ್ಲಿ ಕೇಳುವ ಮಾತು ಬೇರೆ: ‘ವೈರ್ ಕಟ್ ಮಾಡ್ಬಿಡ್ತೀನಿ ಸಾರ್, ಏನೂ ಆಗಲ್ಲ.’ ವೈರು ಕತ್ತರಿಸಿಯೋ, ಎರಡು ತುದಿ ಸೇರಿಸಿಯೋ ಬಾಗಿಲು ಸದಾ ಮುಚ್ಚಿದೆಯೆಂದು ಕಾರಿಗೆ ಸುಳ್ಳು ಹೇಳಿಸುತ್ತಾರೆ. ದೀಪ ಆರುತ್ತದೆ, ಗಿರಾಕಿಗೂ ಸಮಾಧಾನ. ಆಮೇಲೆ ಹಿಂದಿನ ಸೀಟಿನ ಮಗು ಎಳೆದ ಬಾಗಿಲು ಮೊದಲ ಟಕ್ಕಿಗೇ ನಿಂತರೂ ಯಾರಿಗೂ ತಿಳಿಯುವುದಿಲ್ಲ. ಕಾರು ಹೆದ್ದಾರಿಗೆ ಇಳಿಯುತ್ತದೆ. ಪರೀಕ್ಷೆಗಾಗಿ ಎರಡು ತುದಿ ಮುಟ್ಟಿಸಿ ನೋಡುವುದು ಬೇರೆ. ಅದನ್ನೇ ಟೇಪು ಸುತ್ತಿ ಪ್ಯಾಡಿನೊಳಗೆ ಮುಚ್ಚಿ ದುಡ್ಡು ಇಸಿದುಕೊಳ್ಳುವುದು ಕಸುಬಿಗೆ ಮಾಡುವ ದ್ರೋಹ. ತಕ್ಷಣ ರಿಪೇರಿ ಆಗದಿದ್ದರೆ ಬ್ಯಾಟರಿ ಉಳಿಸಲು ಒಳಗಿನ ಬಲ್ಬು ತೆಗೆದಿಡಬಹುದು. ಎಚ್ಚರಿಕೆಯ ದೀಪವನ್ನು ಮುಟ್ಟಕೂಡದು.

ಕೆಲಸ ಮುಗಿದ ಮೇಲೆ ಪ್ರತಿ ಬಾಗಿಲನ್ನೂ ಮೂರು ಸ್ಥಿತಿಯಲ್ಲಿ ಪರೀಕ್ಷಿಸಬೇಕು: ತೆರೆದಾಗ ದೀಪ ಹತ್ತಬೇಕು, ಅರ್ಧ ಬಿದ್ದಾಗ ಹತ್ತಿಯೇ ಇರಬೇಕು, ಪೂರ್ತಿ ಬಿದ್ದಾಗ ಆರಬೇಕು. ಅರ್ಧ ಬಿದ್ದಾಗಲೇ ಆರುವ ದೀಪ ರಿಪೇರಿಯಾದ ದೀಪವಲ್ಲ. ಕೊನೆಗೆ ಬ್ಯಾಟರಿಯ ನೆಗೆಟಿವ್ ಕೇಬಲ್ಲಿನ ದಾರಿಯಲ್ಲಿ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಜೋಡಿಸಿ, ಕಾರನ್ನು ಲಾಕ್ ಮಾಡಿ, ಮಾಡ್ಯೂಲು ನಿದ್ದೆಗೆ ಹೋಗುವವರೆಗೆ ಅರ್ಧ ಗಂಟೆ ಕಾಯಬೇಕು. ಮೀಟರ್ ಜೋಡಿಸಿರುವಾಗ ಗಾಡಿ ಸ್ಟಾರ್ಟ್ ಮಾಡಬಾರದು. ಕರೆಂಟು ಸುಮಾರು 50 ಮಿಲಿಆಂಪಿಯರಿಗಿಂತ ಕೆಳಗೆ ಇಳಿದರೆ ಸ್ವಿಚ್ಚುಗಳ ಮಾತನ್ನು ಕಾರು ನಂಬಿದೆ. ಮುಂದಿನ ವಾಟರ್ ಸರ್ವಿಸ್ ಅಥವಾ ಜೋರು ಮಳೆಯ ನಂತರ ಇದೇ ಪರೀಕ್ಷೆಗಳನ್ನು ಇನ್ನೊಮ್ಮೆ ಮಾಡಿ, ಆಗಲೂ ಫಲ ಇದೇ ಬಂದರೆ ಕೆಲಸ ಪೂರ್ಣವಾಯಿತು.